ವಠಾರಕ್ಕೆ ಎಷ್ಟು ಬಾಗಿಲು?

ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಮೈಸೂರಿನ ಅಗ್ರಹಾರದ ಕಡೆ ಹಳೆಯ ವಠಾರಗಳನ್ನು ಕಂಡವರಿಗೆ ಅವುಗಳ ವ್ಯವಸ್ಥೆ ಗೊತ್ತು. ರಸ್ತೆಗೆ ಒಂದೇ ಹೆಬ್ಬಾಗಿಲು. ಒಳಗೆ ಹೋದರೆ ಉದ್ದನೆಯ ಓಣಿಯಂಥ ಅಂಗಳ, ಅದರ ಅಕ್ಕಪಕ್ಕ ಎಂಟು ಹತ್ತು ಸಂಸಾರ. ನಲ್ಲಿ ಎಲ್ಲರಿಗೂ ಸೇರಿ ಒಂದೇ. ಆದರೆ ಪ್ರತಿ ಮನೆಗೂ ಅದರದೇ ಅಡುಗೆ, ಅದರದೇ ಲೆಕ್ಕ, ಅದರದೇ ಬೀಗ. ಕಾಗದ ಬರೆಯುವ ನೆಂಟರಿಗೆ ಅವು ಬೇರೆ ಬೇರೆ ಮನೆಗಳು. ಕಂದಾಯ ಕಟ್ಟುವ ಮಾಲೀಕನಿಗೆ ಅದು ಒಂದೇ ಕಟ್ಟಡ.

ಕಂಪ್ಯೂಟರುಗಳೂ ಹೀಗೆ ವಠಾರದಲ್ಲಿ ಸಂಸಾರ ಹೂಡಿ ಬಹಳ ವರ್ಷಗಳಾದವು. ಬ್ಯಾಂಕಿನ ಲೆಕ್ಕ ಇಡುವ ಕಂಪ್ಯೂಟರ್, ಆಸ್ಪತ್ರೆಯಲ್ಲಿ ರೋಗಿಯ ವರದಿ ಕಾಯ್ದಿಡುವ ಕಂಪ್ಯೂಟರ್, ಕಾಲೇಜಿನ ಅಂಕಪಟ್ಟಿಯ ಕಂಪ್ಯೂಟರ್ ಎಂದು ಬೇರೆ ಬೇರೆ ಹೆಸರು ಕೇಳುತ್ತೀರಿ. ಅವು ಇರುವ ಕೋಣೆಗೆ ಹೋಗಿ ನೋಡಿದರೆ ಅಷ್ಟು ಪೆಟ್ಟಿಗೆಗಳು ಕಾಣದಿರಬಹುದು. ಒಂದೇ ದಪ್ಪ ಪೆಟ್ಟಿಗೆಯೊಳಗೆ ಇಪ್ಪತ್ತು ಮೂವತ್ತು ಕಂಪ್ಯೂಟರುಗಳು ಸಾಫ್ಟ್‌ವೇರಿನ ಗೋಡೆಗಳ ನಡುವೆ ವಾಸವಾಗಿರುತ್ತವೆ. ಇವುಗಳಿಗೆ ವರ್ಚುವಲ್ ಮೆಷಿನ್ ಎಂದು ಹೆಸರು. ತೋರಿಕೆಯ ಯಂತ್ರ ಎನ್ನಬಹುದು. ಅವುಗಳಿಗೆ ಜಾಗ ಕೊಟ್ಟ ದಪ್ಪ ಪೆಟ್ಟಿಗೆ ಹೋಸ್ಟ್, ಅಂದರೆ ಆತಿಥೇಯ. ಒಳಗೆ ಗೋಡೆ ಕಟ್ಟಿ, ನೀರು ಬೆಳಕು ಹಂಚುವ ಸಾಫ್ಟ್‌ವೇರೇ ಹೈಪರ್‌ವೈಸರ್. ವಠಾರದ ಮಾಲೀಕನೆಂದರೆ ಅವನೇ.

ಬಾಡಿಗೆದಾರರ ವಿಷಯ ಬೇಕಾದಷ್ಟು ಜನ ಬರೆದಿದ್ದಾರೆ. ಮಾಲೀಕನ ಕಷ್ಟ ಕೇಳಿದವರು ಕಡಿಮೆ. ಅವನಿಗೂ ಹೊರಗೆ ಹೋಗಿಬರುವ ಕೆಲಸಗಳಿರುತ್ತವೆ. ಅವನು ಯಾವ ಬಾಗಿಲಿನಿಂದ ಹೋಗಬೇಕು ಎಂಬುದೇ ಇಲ್ಲಿನ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಸಿಗದೆ ಹೋದರೆ ತೊಂದರೆ ಮಾಲೀಕನಿಗೊಬ್ಬನಿಗೇ ಅಲ್ಲ, ಇಡೀ ವಠಾರಕ್ಕೆ.

ಹಳೆಯ ಉಪಾಯ

ವಠಾರ ಕಟ್ಟುವ ಉಪಾಯ ಹೊಸದೇನಲ್ಲ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕಂಪನಿಯ ವೈಜ್ಞಾನಿಕ ಕೇಂದ್ರದಲ್ಲಿ 1960ರ ದಶಕದಲ್ಲೇ ಸಿಪಿ-40, ಸಿಪಿ-67 ಎಂಬ ವ್ಯವಸ್ಥೆಗಳು ಸಿದ್ಧವಾದವು. ಆಗ ಒಂದು ಕಂಪ್ಯೂಟರಿಗೆ ದೊಡ್ಡ ಹಾಲ್ ಬೇಕು, ಅದರ ಬೆಲೆಯೂ ವಿಪರೀತ. ಅದನ್ನು ಹಲವರು ಏಕಕಾಲಕ್ಕೆ ಬಳಸುವಾಗ ಪ್ರತಿಯೊಬ್ಬರಿಗೂ ಪೂರ್ತಿ ಯಂತ್ರ ತಮ್ಮದೇ ಎಂಬ ಭಾವನೆ ಬರುವಂತೆ ಮಾಡಿದ್ದು ಆ ಎಂಜಿನಿಯರುಗಳ ಜಾಣತನ. 1972ರಲ್ಲಿ ಇದೇ ವಿದ್ಯೆ ವಿಎಂ/370 ಎಂಬ ಹೆಸರಿನಲ್ಲಿ ಗಿರಾಕಿಗಳ ಕೈಗೆ ಬಂತು.

ಮುಂದೆ ಚಿಕ್ಕ ಕಂಪ್ಯೂಟರುಗಳು ಅಗ್ಗವಾದವು. ಕೆಲಸಕ್ಕೊಂದು ಪೆಟ್ಟಿಗೆ ಕೊಂಡರಾಯಿತು ಎಂಬ ಧೋರಣೆ ಬೆಳೆಯಿತು. ವಠಾರದ ಉಪಾಯ ದೊಡ್ಡ ಮೇನ್‌ಫ್ರೇಮ್‌ಗಳ ಮೂಲೆ ಸೇರಿತು. ಆದರೆ ಪೆಟ್ಟಿಗೆಗಳು ಹೆಚ್ಚಿದ ಹಾಗೆಲ್ಲ ಅವುಗಳಲ್ಲಿ ಬಹುಪಾಲು ಯಂತ್ರಗಳು ದಿನದ ಹೆಚ್ಚು ಹೊತ್ತು ಸುಮ್ಮನೆ ಕರೆಂಟು ತಿನ್ನುತ್ತ ಕೂತಿರುವುದು ಕಾಣಿಸಿತು. 1998ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಡಯೇನ್ ಗ್ರೀನ್, ಮೆಂಡಲ್ ರೋಸೆನ್‌ಬ್ಲಮ್ ಮತ್ತು ಇತರ ಮೂವರು ಸೇರಿ ವಿಎಂವೇರ್ ಕಂಪನಿ ಆರಂಭಿಸಿದರು. ಸಾಮಾನ್ಯ ಪಿಸಿಯ ಚಿಪ್ಪು ಈ ಕೆಲಸಕ್ಕೆ ಒಗ್ಗದು ಎಂಬ ಮಾತಿದ್ದ ಕಾಲದಲ್ಲಿ ಅದನ್ನೂ ಒಗ್ಗಿಸಿ ತೋರಿಸಿದರು. 1999ರಲ್ಲಿ ಮೇಜಿನ ಕಂಪ್ಯೂಟರಿಗೆ, 2001ರಲ್ಲಿ ಸರ್ವರ್‌ಗಳಿಗೆ ಅವರ ಸಾಫ್ಟ್‌ವೇರ್ ಬಂತು. ಸರ್ವರ್‌ಗಳ ಈ ಸಾಫ್ಟ್‌ವೇರಿನ ವಂಶದ ಕುಡಿಯೇ ಇಎಸ್‌ಎಕ್ಸ್‌ಐ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವ ಮಾಲೀಕ ಇವನೇ.

ಅಟ್ಟಿ ಎಂದರೇನು?

ಎರಡು ಕಂಪ್ಯೂಟರುಗಳು ಮಾತಾಡಬೇಕಾದರೆ ಮಧ್ಯೆ ಹಲವು ಕೈಗಳು ಬೇಕು. ಮಾತನ್ನು ತುಂಡು ಮಾಡಿ ಕ್ರಮಸಂಖ್ಯೆ ಹಾಕುವವನೊಬ್ಬ. ಪ್ರತಿ ತುಂಡಿನ ಮೇಲೆ ವಿಳಾಸ ಬರೆಯುವವನೊಬ್ಬ. ಅದನ್ನು ಪಕ್ಕದ ತಂತಿಗೆ ಏರಿಸುವವನೊಬ್ಬ. ಆ ತುದಿಯಲ್ಲಿ ಇದೇ ಕೆಲಸ ತಿರುಗುಮುರುಗಾಗಿ ನಡೆಯಬೇಕು. ಈ ಕೆಲಸಗಾರರು ಒಬ್ಬರ ಮೇಲೊಬ್ಬರು ಪೇರಿಸಿದ ಹಾಗೆ ಇರುವುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ಸ್ಟ್ಯಾಕ್ ಎನ್ನುತ್ತಾರೆ. ಕನ್ನಡದಲ್ಲಿ ಅಟ್ಟಿ ಎನ್ನಿ. ಇಂಟರ್‌ನೆಟ್ಟಿನ ಅಟ್ಟಿಗೆ ಟಿಸಿಪಿ/ಐಪಿ ಎಂದು ಹೆಸರು. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಇದರ ಮೂಲ ಯೋಚನೆಯನ್ನು ಪ್ರಕಟಿಸಿದರು. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಪೂರ್ತಿಯಾಗಿ ಇದಕ್ಕೆ ಬದಲಾಯಿತು.

ಈ ಅಟ್ಟಿಯ ಜೊತೆಗೆ ಕೆಲವು ಪುಸ್ತಕಗಳೂ ಇರುತ್ತವೆ. ಪಕ್ಕದ ಮನೆಯವರು ಯಾರು ಎಂಬ ಪಟ್ಟಿ ಒಂದು. ಹೆಸರಿನಿಂದ ವಿಳಾಸ ಹುಡುಕಲು ಯಾರನ್ನು ಕೇಳಬೇಕು ಎಂಬ ಬರಹ ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದುದು ದಾರಿಪಟ್ಟಿ. ಅದರ ನಿಯಮ ಸರಳ: ಪತ್ರ ಇದೇ ಕೇರಿಯ ಮನೆಗಾದರೆ ನೇರ ಕೈಗೆ ಕೊಡು, ಇಂತಿಂಥ ಊರಿಗಾದರೆ ಇಂತಿಂಥವರ ಕೈಗೆ ಕೊಡು, ಉಳಿದ ಯಾವ ಊರಿಗೇ ಆಗಲಿ, ಕೇರಿಯ ಕೊನೆಯ ಟಪಾಲಿನವನಿಗೆ ಕೊಟ್ಟುಬಿಡು. ಈ ಕೊನೆಯವನೇ ಡಿಫಾಲ್ಟ್ ಗೇಟ್‌ವೇ. ದಾರಿ ತಿಳಿಯದ ಪತ್ರಗಳೆಲ್ಲ ಅವನ ಪಾಲಿಗೆ. ಸಾಮಾನ್ಯವಾಗಿ ಒಂದು ಅಟ್ಟಿಗೆ ಒಂದೇ ದಾರಿಪಟ್ಟಿ, ಒಂದು ದಾರಿಪಟ್ಟಿಗೆ ಒಬ್ಬನೇ ಟಪಾಲಿನವನು. ಮನೆಯ ಕಂಪ್ಯೂಟರಿಗೆ ಇಷ್ಟು ಸಾಕು. ಅದಕ್ಕೆ ಇರುವುದೂ ಒಂದೇ ದಾರಿ.

ಮಾಲೀಕನ ಸ್ವಂತ ಕೆಲಸ

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬರುವುದುಂಟು. ವಠಾರದ ಸಂಸಾರಗಳ ಪತ್ರಗಳೆಲ್ಲ ಮಾಲೀಕನ ದಾರಿಪಟ್ಟಿಯ ಪ್ರಕಾರ ಹೋಗುತ್ತವೆ ಎಂದು ಹಲವರು ಭಾವಿಸುತ್ತಾರೆ. ಹಾಗಿಲ್ಲ. ಪ್ರತಿ ವರ್ಚುವಲ್ ಮೆಷಿನ್ನಿಗೂ ತನ್ನದೇ ಅಟ್ಟಿ, ತನ್ನದೇ ಪುಸ್ತಕ ಇರುತ್ತದೆ. ಮಾಲೀಕ ಅವರಿಗೆ ಅಂಗಳದಲ್ಲಿ ಓಡಾಡಲು ಜಾಗ ಮಾಡಿಕೊಡುತ್ತಾನೆ, ಅಷ್ಟೇ. ಆ ಅಂಗಳಕ್ಕೆ ವರ್ಚುವಲ್ ಸ್ವಿಚ್ ಎಂದು ಹೆಸರು.

ಮಾಲೀಕನ ಅಟ್ಟಿ ಬಳಕೆಯಾಗುವುದು ಅವನ ಸ್ವಂತ ಕೆಲಸಕ್ಕೆ. ಅವು ಮುಖ್ಯವಾಗಿ ಮೂರು ನಾಲ್ಕು. ಮೊದಲನೆಯದು ಆಡಳಿತ: ದೂರದ ಮೇಜಿನಲ್ಲಿ ಕೂತ ನಿರ್ವಾಹಕ ಅಪ್ಪಣೆ ಕೊಡುವುದು, ಇವನು ವರದಿ ಒಪ್ಪಿಸುವುದು. ಎರಡನೆಯದು ಉಗ್ರಾಣ: ಡಿಸ್ಕುಗಳು ಬೇರೆ ಪೆಟ್ಟಿಗೆಯಲ್ಲಿದ್ದರೆ ಅಲ್ಲಿಂದ ಸಾಮಾನು ತರುವುದು, ಇಡುವುದು. ಮೂರನೆಯದು ನಕಲು: ಆಫ್ ಮಾಡಿಟ್ಟ ಯಂತ್ರವನ್ನು ಇನ್ನೊಂದು ಕಡೆಗೆ ಸಾಗಿಸುವುದು, ಒಂದರ ಪಡಿಯಚ್ಚು ತೆಗೆಯುವುದು.

ನಾಲ್ಕನೆಯದು ಎಲ್ಲಕ್ಕಿಂತ ಸೋಜಿಗದ್ದು. ಒಲೆಯ ಮೇಲೆ ಅನ್ನ ಕುದಿಯುತ್ತಿರುವಾಗಲೇ ಇಡೀ ಸಂಸಾರವನ್ನು ಎತ್ತಿ ಇನ್ನೊಂದು ವಠಾರದಲ್ಲಿ ಇಟ್ಟು, ಅನ್ನ ಅಲ್ಲಿ ಬೇಯುವಂತೆ ಮಾಡುವುದು! 2003ರಲ್ಲಿ ವಿಎಂವೇರ್ ಈ ವಿದ್ಯೆಯನ್ನು ವಿಮೋಷನ್ ಎಂಬ ಹೆಸರಿನಲ್ಲಿ ತಂದಿತು. ಯಂತ್ರ ಓಡುತ್ತಿರುವಂತೆಯೇ ಅದರ ಮೆಮೊರಿಯನ್ನು ಹೊಸ ಹೋಸ್ಟಿಗೆ ನಕಲು ಮಾಡುತ್ತಾರೆ. ನಕಲು ಆಗುವಷ್ಟರಲ್ಲಿ ಬದಲಾದ ಪುಟಗಳನ್ನು ಮತ್ತೆ ಕಳುಹಿಸುತ್ತಾರೆ. ಮತ್ತೆ ಬದಲಾದುದನ್ನು ಮತ್ತೊಮ್ಮೆ. ಉಳಿಕೆ ತೀರಾ ಚಿಕ್ಕದಾದಾಗ ಯಂತ್ರವನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲಿಸಿ ಆ ಕಡೆ ಎಬ್ಬಿಸುತ್ತಾರೆ. ಹೋಸ್ಟಿನ ದುರಸ್ತಿಗೆಂದು ರಾತ್ರಿ ಎಲ್ಲ ಕೆಲಸ ನಿಲ್ಲಿಸಬೇಕಾಗಿದ್ದ ಸಂಕಟ ಇದರಿಂದ ಬಹುಮಟ್ಟಿಗೆ ತಪ್ಪಿತು.

ಈ ಒಂದೊಂದು ಕೆಲಸಕ್ಕೂ ಮಾಲೀಕನಿಗೆ ವಿಎಂಕರ್ನಲ್ ಅಡಾಪ್ಟರ್ ಎಂಬ ಒಂದೊಂದು ಕಿಟಕಿ ಇಟ್ಟುಕೊಳ್ಳಲು ಅವಕಾಶವಿದೆ. ಹೆಸರೂ ಸರಳ: ವಿಎಂಕೆ0, ವಿಎಂಕೆ1, ವಿಎಂಕೆ2. ಪ್ರತಿಯೊಂದಕ್ಕೂ ಬೇರೆ ಐಪಿ ವಿಳಾಸ. ಆದರೆ ಮೊದಮೊದಲು ಕಿಟಕಿ ಎಷ್ಟೇ ಇದ್ದರೂ ಅವೆಲ್ಲಕ್ಕೂ ಅಟ್ಟಿ ಒಂದೇ, ದಾರಿಪಟ್ಟಿಯೂ ಒಂದೇ, ಟಪಾಲಿನವನೂ ಒಬ್ಬನೇ. ತೊಡಕು ಹುಟ್ಟಿದ್ದೇ ಇಲ್ಲಿ.

ಒಂದೇ ಪುಸ್ತಕದ ತೊಡಕು

ಉದಾಹರಣೆಗೆ ಒಂದು ಹೋಸ್ಟಿನ ಆಡಳಿತದ ಕಿಟಕಿ 192.168.10.0 ಎಂಬ ಕೇರಿಯಲ್ಲಿದೆ ಎನ್ನಿ. ಟಪಾಲಿನವನು 192.168.10.1. ಸಂಸಾರ ಸಾಗಿಸುವ ವಿಮೋಷನ್ ಕಿಟಕಿ 172.16.20.0 ಎಂಬ ಕೇರಿಯಲ್ಲಿದೆ. ಇನ್ನೊಂದು ಹೋಸ್ಟಿನ ವಿಮೋಷನ್ ಕಿಟಕಿಯೂ ಇದೇ 172.16.20.0ರಲ್ಲಿ ಇರುವ ತನಕ ತಕರಾರಿಲ್ಲ. ನೇರ ಕೈಗೆ ಕೊಟ್ಟರಾಯಿತು.

ಸಂಸ್ಥೆ ಬೆಳೆಯಿತು. ಹೊಸ ಹೋಸ್ಟುಗಳು ಇನ್ನೊಂದು ಮಹಡಿಗೆ ಅಥವಾ ಇನ್ನೊಂದು ಊರಿಗೆ ಹೋದವು. ಅಲ್ಲಿನ ವಿಮೋಷನ್ ಕೇರಿ 172.16.30.0. ಮಾಲೀಕ ಪುಸ್ತಕ ತೆಗೆಯುತ್ತಾನೆ. 172.16.30.0 ತನ್ನ ಯಾವ ಕೇರಿಯೂ ಅಲ್ಲ. ಹಾಗಾದರೆ ನಿಯಮದಂತೆ ಡಿಫಾಲ್ಟ್ ಟಪಾಲಿನವನ ಕೈಗೆ. ಅವನೋ ಆಡಳಿತದ ಕೇರಿಯವನು. ಒಂದೋ ಅವನ ದಾರಿಯಲ್ಲಿ ಕಾವಲಿಗೆ ಕೂತ ಫೈರ್‌ವಾಲ್ ಈ ಸಾಮಾನನ್ನು ತಡೆಯುತ್ತದೆ, ಸಾಗಾಟ ಅರ್ಧದಲ್ಲೇ ನಿಲ್ಲುತ್ತದೆ. ಇಲ್ಲವೇ ಅಪ್ಪಣೆ ಚೀಟಿ ಹೋಗಲೆಂದು ಮಾಡಿದ ಸಣ್ಣ ಬಾಗಿಲಿನಲ್ಲಿ ಇಡೀ ಮನೆಯ ಮಂಚ ಬೀರುಗಳು ನುಗ್ಗುತ್ತವೆ.

ಲೆಕ್ಕ ಹಾಕಿ ನೋಡಿ. 64 ಗಿಗಾಬೈಟ್ ಮೆಮೊರಿಯ ಒಂದು ಯಂತ್ರವೆಂದರೆ 512 ಗಿಗಾಬಿಟ್. ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುವ ತಂತಿ ಪೂರ್ತಿ ಖಾಲಿ ಇದ್ದರೂ ಒಂದು ಸುತ್ತಿಗೆ 512 ಸೆಕೆಂಡು, ಎಂದರೆ ಎಂಟೂವರೆ ನಿಮಿಷ ಬೇಕು. 10 ಗಿಗಾಬಿಟ್ ತಂತಿಯಾದರೆ 51 ಸೆಕೆಂಡು. ಎಂಟೂವರೆ ನಿಮಿಷದಲ್ಲಿ ಓಡುತ್ತಿರುವ ಯಂತ್ರ ಎಷ್ಟೋ ಪುಟಗಳನ್ನು ಬದಲಿಸಿರುತ್ತದೆ. ಅವೆಲ್ಲ ಮತ್ತೆ ಹೋಗಬೇಕು. ಅಷ್ಟು ಹೊತ್ತೂ ಆಡಳಿತದ ಬಾಗಿಲು ಕಟ್ಟಿಕೊಂಡಿರುತ್ತದೆ. ಹೋಸ್ಟು ವರದಿ ಒಪ್ಪಿಸದೆ ಇದ್ದರೆ ಮೇಲಿನವರಿಗೆ ಅದು ಬದುಕಿದೆಯೋ ಇಲ್ಲವೋ ಎಂಬ ಅನುಮಾನ ಶುರುವಾಗುತ್ತದೆ. ಅನಾಹುತಕ್ಕೆ ಪೀಠಿಕೆ ಎಂದರೆ ಇದೇ.

ಇದಕ್ಕೊಂದು ಹಳೆಯ ಮದ್ದಿದೆ. 172.16.30.0ಕ್ಕೆ ಹೋಗುವುದಾದರೆ 172.16.20.1ರ ಕೈಗೆ ಕೊಡು ಎಂದು ದಾರಿಪಟ್ಟಿಯಲ್ಲಿ ಕೈಯಾರೆ ಒಂದು ಸಾಲು ಬರೆಯುವುದು. ಇದನ್ನು ಸ್ಟ್ಯಾಟಿಕ್ ರೂಟ್ ಎನ್ನುತ್ತಾರೆ. ಎರಡು ಹೋಸ್ಟುಗಳಿದ್ದರೆ ಇದು ಸಲೀಸು. ಐವತ್ತು ಹೋಸ್ಟು, ಆರು ಕೇರಿ ಎಂದಾದರೆ ಪ್ರತಿ ಹೋಸ್ಟಿನಲ್ಲೂ ಉಳಿದ ಐದು ಕೇರಿಗಳ ಸಾಲು, ಒಟ್ಟು 250 ಸಾಲು ಬರೆಯಬೇಕು. ಹೊಸದೊಂದು ಕೇರಿ ಸೇರಿದರೆ ಐವತ್ತೂ ಕಡೆ ತಿದ್ದಬೇಕು. ನಲವತ್ತೊಂಬತ್ತರಲ್ಲಿ ತಿದ್ದಿ ಒಂದನ್ನು ಮರೆತರೆ ಆ ದಿನವೇ ಏನೂ ಆಗುವುದಿಲ್ಲ. ಮರೆತ ಆ ಒಂದು ಹೋಸ್ಟನ್ನು ತುರ್ತಾಗಿ ಖಾಲಿ ಮಾಡಬೇಕಾದ ದಿನ ಗೊತ್ತಾಗುತ್ತದೆ.

ಕೆಲಸಕ್ಕೊಂದು ಪುಸ್ತಕ

2013ರಲ್ಲಿ ಬಂದ ಇಎಸ್‌ಎಕ್ಸ್‌ಐ 5.5 ಆವೃತ್ತಿ ಬೇರೆ ದಾರಿ ಹಿಡಿಯಿತು. ಒಂದೇ ಪುಸ್ತಕವನ್ನು ದಪ್ಪ ಮಾಡುವ ಬದಲು ಮಾಲೀಕನಿಗೆ ಹಲವು ಪುಸ್ತಕ ಕೊಟ್ಟಿತು. ಒಂದೇ ಹೋಸ್ಟಿನಲ್ಲಿ ಒಂದಕ್ಕಿಂತ ಹೆಚ್ಚು ಟಿಸಿಪಿ/ಐಪಿ ಅಟ್ಟಿಗಳು. ಪ್ರತಿ ಅಟ್ಟಿಗೂ ಸ್ವಂತ ದಾರಿಪಟ್ಟಿ, ಸ್ವಂತ ಡಿಫಾಲ್ಟ್ ಗೇಟ್‌ವೇ, ಸ್ವಂತ ನೆರೆಹೊರೆಯ ಪಟ್ಟಿ, ಹೆಸರು ಹುಡುಕಲು ಸ್ವಂತ ಡಿಎನ್‌ಎಸ್ ವ್ಯವಸ್ಥೆ, ಕೆಲಸಕ್ಕೆ ಸ್ವಂತ ಮೆಮೊರಿ ಜಾಗ. ಒಂದು ಅಟ್ಟಿ ಏದುಸಿರು ಬಿಡುತ್ತಿದ್ದರೂ ಇನ್ನೊಂದರ ಪುಸ್ತಕ ಕಲೆಸಿಹೋಗುವುದಿಲ್ಲ.

2015ರ 6.0 ಆವೃತ್ತಿಯಲ್ಲಿ ಇದು ಇನ್ನಷ್ಟು ಅನುಕೂಲವಾಯಿತು. ಆಡಳಿತ ಮುಂತಾದ ಸಾಮಾನ್ಯ ಕೆಲಸಕ್ಕೆ ಡಿಫಾಲ್ಟ್ ಅಟ್ಟಿ, ಸಂಸಾರ ಸಾಗಿಸಲು ವಿಮೋಷನ್ ಅಟ್ಟಿ, ಆಫ್ ಮಾಡಿದ ಯಂತ್ರಗಳ ಸಾಗಾಟ ಮತ್ತು ಪಡಿಯಚ್ಚಿಗೆ ಪ್ರೊವಿಜನಿಂಗ್ ಅಟ್ಟಿ ಹೀಗೆ ಮೂರು ಸಿದ್ಧವಾಗಿಯೇ ಬಂದವು. ಜೊತೆಗೆ ಹೋಗಿಬರಲು 150 ಮಿಲಿಸೆಕೆಂಡು ಹಿಡಿಯುವಷ್ಟು ದೂರಕ್ಕೂ ವಿಮೋಷನ್ ಮಾಡಬಹುದೆಂದಾಯಿತು. ಖಂಡದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಂಸಾರ ಸಾಗಿಸುವಾಗ ಒಂದೇ ಕೇರಿಯಲ್ಲಿ ಇರಿ ಎಂದು ಹೇಳಲಾದೀತೆ? ಸ್ವಂತ ಗೇಟ್‌ವೇ ಇರುವ ಅಟ್ಟಿ ಇಲ್ಲಿ ಬಹಳ ಉಪಯೋಗಕ್ಕೆ ಬಂತು. 2016ರ 6.5ರಲ್ಲಿ ಇನ್ನೊಂದು ಸಣ್ಣ ಸೌಕರ್ಯವೂ ಸೇರಿತು: ಪೂರ್ತಿ ಅಟ್ಟಿ ಬೇಡ, ಈ ಒಂದು ಕಿಟಕಿಗೆ ಮಾತ್ರ ಬೇರೆ ಗೇಟ್‌ವೇ ಸಾಕು ಎನ್ನುವವರು ಹಾಗೆಯೂ ಮಾಡಬಹುದು.

ಸಿದ್ಧ ಅಟ್ಟಿಗಳು ಸಾಲದವರು ತಮಗೆ ಬೇಕಾದ ಹೆಸರಿನಲ್ಲಿ ಹೊಸದನ್ನು ಕಟ್ಟಿಕೊಳ್ಳಬಹುದು. ವಿಎಂವೇರ್ ತಾನೇ ಈ ಅನುಕೂಲ ಬಳಸಿಕೊಂಡಿತು. ಅದರ ಎನ್‌ಎಸ್‌ಎಕ್ಸ್ ಎಂಬ ಜಾಲ ವ್ಯವಸ್ಥೆ ತನ್ನ ಸುರಂಗಗಳ ಸಂಚಾರಕ್ಕೆ ವಿಎಕ್ಸ್‌ಲ್ಯಾನ್ ಎಂಬ ಪ್ರತ್ಯೇಕ ಅಟ್ಟಿ ಹಾಕಿಕೊಳ್ಳುತ್ತಿತ್ತು.

ಮಾಡುವ ಕ್ರಮ

ಹೊಸ ಅಟ್ಟಿ ಕಟ್ಟುವ ಕೆಲಸ ಇಲಿ ಒತ್ತಿ ಮಾಡುವುದಲ್ಲ, ಆಜ್ಞೆ ಟೈಪು ಮಾಡಬೇಕು. ಹೋಸ್ಟಿನ ಆಜ್ಞಾ ಸಾಲಿನಲ್ಲಿ ‘ಇಎಸ್‌ಎಕ್ಸ್‌ಸಿಎಲ್‌ಐ ನೆಟ್‌ವರ್ಕ್ ಐಪಿ ನೆಟ್‌ಸ್ಟ್ಯಾಕ್ ಆಡ್’ ಎಂದು ಹೇಳಿ ಹೆಸರು ಕೊಟ್ಟರೆ ಖಾಲಿ ಅಟ್ಟಿಯೊಂದು ಹುಟ್ಟುತ್ತದೆ. ಇಲ್ಲಿಂದ ಮುಂದೆ ಎಚ್ಚರ ಬೇಕಾದ ಜಾಗಗಳು ನಾಲ್ಕು.

ಮೊದಲನೆಯದು, ಕಿಟಕಿ ಯಾವ ಅಟ್ಟಿಗೆ ಸೇರಬೇಕು ಎಂಬುದನ್ನು ಕಿಟಕಿ ಇಡುವಾಗಲೇ ತೀರ್ಮಾನಿಸಬೇಕು. ಆಮೇಲೆ ಬದಲಿಸಲು ಬರುವುದಿಲ್ಲ. ಹಳೆಯ ಕಿಟಕಿ ಕಿತ್ತು ಹೊಸದಾಗಿ ಇಡಬೇಕು. ವಿಳಾಸ, ಪೋರ್ಟ್ ಗ್ರೂಪ್, ವಿಎಲ್ಯಾನ್ ಸಂಖ್ಯೆ ಎಲ್ಲವನ್ನೂ ಕೀಳುವ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡವರು ಬಚಾವು.

ಎರಡನೆಯದು, ಹೊಸ ಅಟ್ಟಿಗೆ ಅದರದೇ ಗೇಟ್‌ವೇ ಹೇಳಿಕೊಡಬೇಕು. ಪುಸ್ತಕ ಬೇರೆ ಮಾಡಿ ಅದರಲ್ಲಿ ಏನೂ ಬರೆಯದಿದ್ದರೆ ಕೇರಿಯಾಚೆ ಏನೂ ಹೋಗುವುದಿಲ್ಲ. ಡಿಫಾಲ್ಟ್ ಅಟ್ಟಿಯ ಗೇಟ್‌ವೇಯನ್ನು ಇದು ಸಾಲ ಕೇಳುವುದಿಲ್ಲ. ಕೇಳಬಾರದೆಂದೇ ಅಲ್ಲವೇ ಬೇರೆ ಮಾಡಿದ್ದು?

ಮೂರನೆಯದು, ಪರೀಕ್ಷೆ ಮಾಡುವಾಗ ಯಾವ ಅಟ್ಟಿಯಿಂದ ಎಂಬುದನ್ನು ಹೆಸರಿಸಬೇಕು. ದಾರಿ ಸರಿಯಿದೆಯೇ ಎಂದು ನೋಡಲು ವಿಎಂಕೆಪಿಂಗ್ ಎಂಬ ಆಜ್ಞೆಯಿದೆ. ಬರೀ ಅಷ್ಟೇ ಟೈಪು ಮಾಡಿದರೆ ಅದು ಡಿಫಾಲ್ಟ್ ಅಟ್ಟಿಯ ಪುಸ್ತಕ ತೆಗೆಯುತ್ತದೆ. ಸರಿಯಾಗಿರುವ ದಾರಿಯೂ ಆಗ ಕೆಟ್ಟಂತೆ ಕಾಣುತ್ತದೆ. ಇಲ್ಲದ ರೋಗಕ್ಕೆ ಮದ್ದು ಹುಡುಕುತ್ತ ಅರ್ಧ ರಾತ್ರಿ ಕಳೆಯುವುದು ಹೀಗೆಯೇ.

ನಾಲ್ಕನೆಯದು, ವಿಮೋಷನ್ ಅಟ್ಟಿಯಲ್ಲಿ ಒಂದು ಕಿಟಕಿ ಇಟ್ಟ ಕೂಡಲೆ ಆ ಹೋಸ್ಟು ಸಾಗಾಟಕ್ಕೆ ಅದನ್ನು ಬಿಟ್ಟು ಬೇರೆ ಅಟ್ಟಿ ಬಳಸುವುದಿಲ್ಲ. ಡಿಫಾಲ್ಟ್ ಅಟ್ಟಿಯಲ್ಲಿ ಹಿಂದೆ ಇದೇ ಕೆಲಸಕ್ಕೆ ಇಟ್ಟಿದ್ದ ಕಿಟಕಿಗಳು ಆ ಸೇವೆಯಿಂದ ನಿವೃತ್ತವಾಗುತ್ತವೆ. ಎರಡೂ ಇರಲಿ, ಒಂದು ಕೈಕೊಟ್ಟರೆ ಇನ್ನೊಂದಿದೆ ಎಂಬ ಲೆಕ್ಕಾಚಾರ ಇಲ್ಲಿ ನಡೆಯದು. ಆದ್ದರಿಂದ ಒಂದು ಹೋಸ್ಟಿನಲ್ಲಿ ಬದಲಿಸಿ, ಪರೀಕ್ಷಿಸಿ, ಗುಂಪಿನ ಉಳಿದವುಗಳಲ್ಲೂ ಅದೇ ಕ್ರಮ ಅನುಸರಿಸುವುದು ಮೇಲು.

ಇಷ್ಟಕ್ಕೂ ಮೇಲಿನ ಎಚ್ಚರ ಒಂದಿದೆ. ಆಡಳಿತದ ಕಿಟಕಿ ವಿಎಂಕೆ0. ದೂರದಲ್ಲಿ ಕೂತು ಅದರ ಮೂಲಕವೇ ಹೋಸ್ಟಿಗೆ ಅಪ್ಪಣೆ ಕೊಡುತ್ತಿರುವಾಗ ಅದನ್ನೇ ಕೀಳಲು ಹೋದರೆ, ಕೂತ ಕೊಂಬೆ ಕಡಿದವನ ಗತಿ. 2012ರ 5.1 ಆವೃತ್ತಿಯಿಂದ ಇಂಥ ಬದಲಾವಣೆಯಿಂದ ಸಂಪರ್ಕ ಕಡಿದರೆ ಹಳೆಯ ಸ್ಥಿತಿಗೆ ತಾನೇ ಹಿಂದಿರುಗುವ ಏರ್ಪಾಡು ಬಂದಿದೆ. ಆದರೂ ಕೊಂಬೆಯ ಕೆಳಗೆ ಬಲೆಯಿದೆ ಎಂದು ಕೊಡಲಿ ಬೀಸುವುದು ಜಾಣತನವಲ್ಲ. ಹೋಸ್ಟಿನ ಎದುರು ನಿಂತು ಕೀಲಿಮಣೆ ಮುಟ್ಟಬಲ್ಲವರು ಒಬ್ಬರು ಆ ಹೊತ್ತಿಗೆ ಹತ್ತಿರ ಇರಬೇಕು.

ಬಾಗಿಲು ಬೇರೆ, ಬೀಗ ಬೇರೆ

ಇಷ್ಟೆಲ್ಲ ಮಾಡಿದ ಮೇಲೆ ನಿರ್ವಾಹಕರಿಗೆ ಒಂದು ಸಮಾಧಾನ ಬರುತ್ತದೆ: ಸಾಗಾಟ ಬೇರೆ, ಆಡಳಿತ ಬೇರೆ ಆಯಿತು, ಇನ್ನು ಎಲ್ಲ ಭದ್ರ. ಈ ಸಮಾಧಾನ ಅರ್ಧ ಮಾತ್ರ ಸರಿ. ಬೇರೆ ಅಟ್ಟಿ ಎಂದರೆ ಬೇರೆ ದಾರಿಪಟ್ಟಿ. ಬೇರೆ ತಂತಿ ಅದರಿಂದ ಬರುವುದಿಲ್ಲ, ಬೀಗವೂ ಬರುವುದಿಲ್ಲ. ಎರಡು ಅಟ್ಟಿಗಳ ಕಿಟಕಿಗಳನ್ನೂ ಒಂದೇ ಭೌತಿಕ ಕಾರ್ಡಿಗೆ, ಒಂದೇ ವಿಎಲ್ಯಾನಿಗೆ ಜೋಡಿಸಿದ್ದರೆ ಅದೇ ತಂತಿಗೆ ಕಿವಿಯೊಡ್ಡಿದವನಿಗೆ ಎರಡೂ ಕೇಳುತ್ತವೆ. ದಾರಿ ಬೇರೆ ಮಾಡುವುದು ಅಟ್ಟಿಯ ಕೆಲಸ. ಕೇರಿಗಳ ನಡುವೆ ಗೋಡೆ ಕಟ್ಟುವುದು ವಿಎಲ್ಯಾನಿನ ಕೆಲಸ. ಗೋಡೆಯ ಬಾಗಿಲಲ್ಲಿ ಕಾವಲು ನಿಲ್ಲುವುದು ಫೈರ್‌ವಾಲಿನ ಕೆಲಸ. ಮೂರೂ ಇದ್ದರೇ ಮನೆ ಭದ್ರ.

ಇದು ಏಕೆ ಮುಖ್ಯ ಎಂದರೆ ವಿಮೋಷನ್ ಹೊತ್ತೊಯ್ಯುವುದು ಓಡುತ್ತಿರುವ ಯಂತ್ರದ ಮೆಮೊರಿಯನ್ನು. ಡಿಸ್ಕಿನಲ್ಲಿ ಗೂಢಲಿಪಿಯಲ್ಲಿ ಅಡಗಿರುವ ಗುಟ್ಟುಗಳೂ ಬಳಕೆಯ ಹೊತ್ತಿನಲ್ಲಿ ಮೆಮೊರಿಯಲ್ಲಿ ಬಿಡಿಸಿದ ರೂಪದಲ್ಲಿ ಇರಬಹುದು. ಯಾರದೋ ಪಾಸ್‌ವರ್ಡ್, ಯಾರದೋ ರಕ್ತಪರೀಕ್ಷೆಯ ವರದಿ. 2016ರ 6.5 ಆವೃತ್ತಿಯಲ್ಲಿ ಸಾಗಾಟವನ್ನೂ ಗೂಢಲಿಪಿಯಲ್ಲಿ ಮಾಡುವ ಸೌಲಭ್ಯ ಬರುವ ತನಕ ಇವೆಲ್ಲ ಮುಚ್ಚಳವಿಲ್ಲದ ಗಾಡಿಯಲ್ಲೇ ಹೋಗುತ್ತಿದ್ದವು. ಸಾಗಾಟದ ಕೇರಿಗೆ ಹೊರಗಿನವರ ಸುಳಿವೇ ಇರಬಾರದು ಎಂದು ತಿಳಿದವರು ಹೇಳುತ್ತಿದ್ದುದು ಇದಕ್ಕೇ.

ಆಡಳಿತದ ಬಾಗಿಲಿನ ಕಥೆ ಇದಕ್ಕಿಂತ ಘೋರ. 2023ರ ಫೆಬ್ರುವರಿ ಮೊದಲ ವಾರದಲ್ಲಿ ಯೂರೋಪ್, ಅಮೆರಿಕ ಮತ್ತಿತರ ಕಡೆಗಳಲ್ಲಿ ಸಾವಿರಾರು ಇಎಸ್‌ಎಕ್ಸ್‌ಐ ಹೋಸ್ಟುಗಳು ಒಂದೇ ಬಗೆಯ ದಾಳಿಗೆ ತುತ್ತಾದವು. ಫೆಬ್ರುವರಿ 3ರಂದು ಫ್ರಾನ್ಸಿನ ಸರ್ಕಾರಿ ಕಂಪ್ಯೂಟರ್ ಸುರಕ್ಷಾ ತಂಡ ಎಚ್ಚರಿಕೆ ಹೊರಡಿಸಿತು. ದಾಳಿಕೋರರು ಹೋಸ್ಟಿನೊಳಗೆ ನುಗ್ಗಿ ವರ್ಚುವಲ್ ಮೆಷಿನ್ನುಗಳ ಕಡತಗಳಿಗೆ ಗೂಢಲಿಪಿಯ ಬೀಗ ಹಾಕಿ, ಬಿಡಿಸಲು ಹಣ ಕೇಳಿದರು. ಈ ದಾಳಿಗೆ ಇಎಸ್‌ಎಕ್ಸ್‌ಐಆರ್ಗ್ಸ್ ಎಂದು ಹೆಸರು ಬಿತ್ತು. ತಜ್ಞರು ಆಗ ಬೊಟ್ಟು ಮಾಡಿದ್ದು ಎರಡು ವರ್ಷ ಹಿಂದೆ, 2021ರ ಫೆಬ್ರುವರಿಯಲ್ಲೇ, ದುರಸ್ತಿ ಬಿಡುಗಡೆಯಾಗಿದ್ದ ಒಂದು ದೋಷದ ಕಡೆಗೆ. ದುರಸ್ತಿ ಹಾಕಿಕೊಳ್ಳದೆ ಇದ್ದುದು ಒಂದು ತಪ್ಪು. ಮಾಲೀಕನ ಖಾಸಗಿ ಬಾಗಿಲನ್ನು ಇಂಟರ್‌ನೆಟ್ಟಿನ ಬೀದಿಗೆ ನೇರವಾಗಿ ತೆರೆದಿಟ್ಟಿದ್ದು ಇನ್ನೊಂದು. ಅಮೆರಿಕದ ಸೈಬರ್ ಸುರಕ್ಷಾ ಸಂಸ್ಥೆ ಸೀಸಾ ಅದೇ ತಿಂಗಳು ಕಡತಗಳನ್ನು ಮರಳಿ ಪಡೆಯುವ ಒಂದು ಸಾಧನವನ್ನು ಪ್ರಕಟಿಸಿತು. ಕೆಲವರಿಗೆ ಅದರಿಂದ ಉಪಕಾರವಾಯಿತು, ಎಲ್ಲರಿಗೂ ಆಗಲಿಲ್ಲ.

ಒಂದು ಬಾಡಿಗೆ ಮನೆಗೆ ಕಳ್ಳ ನುಗ್ಗಿದರೆ ಒಂದು ಸಂಸಾರಕ್ಕೆ ನಷ್ಟ. ಮಾಲೀಕನ ಬೀಗದಕೈ ಗೊಂಚಲೇ ಕಳ್ಳನ ಕೈಗೆ ಸಿಕ್ಕರೆ? ಹೋಸ್ಟಿನ ಆಡಳಿತದ ಬಾಗಿಲು ಎಂದರೆ ಆ ಗೊಂಚಲು.

ಬೇರೆ ಮಾಲೀಕರಲ್ಲೂ

ಈ ಉಪಾಯ ವಿಎಂವೇರಿನದೊಂದೇ ಸೊತ್ತಲ್ಲ. ಕ್ರೊಯೇಷಿಯಾದ ಮಾರ್ಕೊ ಝೆಕ್ 2003ರಲ್ಲೇ ಫ್ರೀಬಿಎಸ್‌ಡಿಯಲ್ಲಿ ಒಂದೇ ಕರ್ನಲಿನೊಳಗೆ ಹಲವು ಜಾಲ ಅಟ್ಟಿಗಳನ್ನು ಇಡುವ ವಿಧಾನ ತೋರಿಸಿದ್ದರು. ಲಿನಕ್ಸಿನಲ್ಲಿ ಇದು ನೆಟ್‌ವರ್ಕ್ ನೇಮ್‌ಸ್ಪೇಸ್ ಎಂಬ ಹೆಸರಿನಲ್ಲಿ 2008ರ ಸುಮಾರಿಗೆ ನೆಲೆಯೂರಿತು. 2013ರಲ್ಲಿ ಬಂದು ಮನೆಮಾತಾದ ಡಾಕರ್‌ನ ಕಂಟೇನರುಗಳು ಒಂದರ ಜಾಲ ಇನ್ನೊಂದಕ್ಕೆ ತಾಗದಂತೆ ಇರುವುದು ಇದರ ಬಲದಿಂದಲೇ. ದೊಡ್ಡ ರೌಟರುಗಳಲ್ಲಿ ವಿಆರ್‌ಎಫ್ ಎಂಬ ಹೆಸರಿನಲ್ಲಿ ಇದೇ ತತ್ತ್ವ ದುಡಿಯುತ್ತಿದೆ.

2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡಿತು. ಒಮ್ಮೆ ಹಣ ಕೊಟ್ಟು ಶಾಶ್ವತ ಪರವಾನಗಿ ಪಡೆಯುವ ಪದ್ಧತಿಯನ್ನು ಮರುತಿಂಗಳೇ ನಿಲ್ಲಿಸಿ ಚಂದಾ ಪದ್ಧತಿ ತಂದಿತು. ಹಲವು ಸಂಸ್ಥೆಗಳು ಲಿನಕ್ಸ್ ಆಧಾರದ ಬೇರೆ ವಠಾರಗಳ ಕಡೆ ನೋಡತೊಡಗಿದವು. ಮಾಲೀಕ ಬದಲಾದರೂ ಪ್ರಶ್ನೆ ಬದಲಾಗುವುದಿಲ್ಲ. ಆಡಳಿತ, ಉಗ್ರಾಣ, ಸಾಗಾಟ ಅಲ್ಲಿಯೂ ಇವೆ. ಅವುಗಳ ದಾರಿ ಒಂದೇ ಪುಸ್ತಕದಲ್ಲಿ ಕಲೆಸಿದೆಯೇ, ಬೇರೆ ಬೇರೆ ಇದೆಯೇ ಎಂದು ಅಲ್ಲಿಯೂ ಕೇಳಬೇಕು.

ಕೇಳುವುದಕ್ಕೆ ಎಂಜಿನಿಯರಿಂಗ್ ಓದಿರಬೇಕೆಂದೇನೂ ಇಲ್ಲ. ಸಹಕಾರಿ ಬ್ಯಾಂಕಿನ ಅಧ್ಯಕ್ಷರು, ನರ್ಸಿಂಗ್ ಹೋಮಿನ ಡಾಕ್ಟರು, ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಕಂಪ್ಯೂಟರ್ ಕೋಣೆಯವರ ಮುಂದೆ ನಾಲ್ಕು ಪ್ರಶ್ನೆ ಇಡಬಹುದು. ಹೋಸ್ಟಿನ ಆಡಳಿತದ ಬಾಗಿಲು ಹೊರಗಿನ ಬೀದಿಯಿಂದ ಕಾಣುತ್ತದೆಯೇ? ಯಂತ್ರಗಳ ಸಾಗಾಟಕ್ಕೆ ಬೇರೆ ದಾರಿ, ಬೇರೆ ಗೇಟ್‌ವೇ ಇದೆಯೇ? ಅದನ್ನು ಕಡೆಯ ಸಲ ಪರೀಕ್ಷಿಸಿದ್ದು ಎಂದು? ಯಾವ ಕಿಟಕಿ ಯಾವ ಅಟ್ಟಿಗೆ ಸೇರಿದೆ ಎಂಬ ನಕ್ಷೆ ಎಲ್ಲಿದೆ?

ಕೊನೆಯ ಪ್ರಶ್ನೆಗೆ ‘ಹೋಸ್ಟಿನಲ್ಲೇ ಇದೆ’ ಎಂಬ ಉತ್ತರ ಬಂದರೆ ಒಪ್ಪಬೇಡಿ. ಹೋಸ್ಟು ಕೈಗೆ ಸಿಗದ ದಿನವೇ ಆ ನಕ್ಷೆ ಬೇಕಾಗುವುದು. ಒಂದು ಹಾಳೆಯಲ್ಲಿ ಬರೆದು, ಕೋಣೆಯ ಬೀರುವಿನ ಬಾಗಿಲಿಗೆ ಒಳಗಡೆ ಅಂಟಿಸಿರಲಿ. ಕೆಳಗೆ ತಾರೀಕು ಇರಲಿ.